ಓದುಗರ ಪ್ರಶ್ನೆ: ಚಾಪೆಲ್ ಯುದ್ಧನೌಕೆಯ ಮಾದರಿ

ಪ್ರಶ್ನೆ: ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಚಾಪೆಲ್ ಹಡಗಿನ ಮಾದರಿ ಮಾಡಬೇಕೆಂದಿದ್ದೇನೆ. ಅದು 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ಹಡಗಂತೆ. ಆಗ ಇದ್ದ ರೂಪದಲ್ಲೇ ಮಾಡುವುದು ಹೇಗೆ?
– ಓದುಗರು, ಕೋಡಿಬಾಗ

ಉತ್ತರ: ಚಾಪೆಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ; ನಿವೃತ್ತಿ 2005. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದದ್ದು ನಿಪಾತ್, ನಿರ್ಘಾತ್, ವೀರ್. ಅವು ಸೋವಿಯತ್ ಕ್ಷಿಪಣಿ ದೋಣಿಗಳಲ್ಲಿ ಓಸಾ-1 ಬಗೆಯವು, ಚಾಪೆಲ್ ಓಸಾ-2. ಒಡಲು ಹೆಚ್ಚುಕಡಿಮೆ ಒಂದೇ ಅಳತೆ, ಆದರೆ ಕ್ಷಿಪಣಿ ಗೂಡು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಓಸಾ-1ರದ್ದು ಪೆಟ್ಟಿಗೆಯಂತೆ ಚಪ್ಪಟೆ ಗೋಡೆಯದು, ಓಸಾ-2ರದ್ದು ಸುತ್ತಲೂ ಪಟ್ಟಿಯಿರುವ ದುಂಡು ಕೊಳವೆ. ಕ್ಷಿಪಣಿಯ ರೆಕ್ಕೆ ಮಡಚುವಂತಾದ ಮೇಲೆ ಅಷ್ಟು ಅಗಲದ ಪೆಟ್ಟಿಗೆ ಬೇಕಾಗಲಿಲ್ಲ. ದುಂಡು ಕೊಳವೆ ಕೂರಿಸಿ ‘ನಿಪಾತ್’ ಎಂದು ಹೆಸರು ಬರೆದ ಮಾದರಿ ಎಷ್ಟು ಅಂದವಾಗಿದ್ದರೂ ತಪ್ಪೇ. ನಕ್ಷೆ ಹುಡುಕುವಾಗಲೂ ಸೋವಿಯತ್ ಯೋಜನೆ ಸಂಖ್ಯೆ 205 ಬೇಡ, 205ಯು ಬೇಕು.

1:72 ಪ್ರಮಾಣ ಇಟ್ಟುಕೊಳ್ಳಿ. 38.6 ಮೀಟರ್ ಉದ್ದ 536 ಮಿಮೀ ಆಗುತ್ತದೆ, 7.6 ಮೀಟರ್ ಅಗಲ 106 ಮಿಮೀ. ನೀರಿನೊಳಗಿರುವ ಭಾಗ ಸುಮಾರು 1.7 ಮೀಟರ್, ಅಂದರೆ 24 ಮಿಮೀ. ಇದು ಅನುಕೂಲದ ಲೆಕ್ಕ: 6 ಮಿಮೀ ಪ್ಲೈವುಡ್ಡಿನ ನಾಲ್ಕು ಪದರ ಅಂಟಿಸಿದರೆ ನಾಲ್ಕನೆಯದರ ಮೇಲಂಚೇ ನೀರಿನ ಗೆರೆ. ಕೆಂಪು, ಬೂದು ಬಣ್ಣಗಳ ಗಡಿ ತಾನಾಗಿ ನೇರ ಬರುತ್ತದೆ. ಪ್ರತಿ ಪದರವನ್ನೂ ನಕ್ಷೆಯ ಆ ಮಟ್ಟದ ಆಕಾರಕ್ಕೆ ಕತ್ತರಿಸಿ, ಅಂಟಿಸಿ, ಮೆಟ್ಟಿಲುಗಳನ್ನು ಉಜ್ಜಿ ಸಮ ಮಾಡಿ. ಉಜ್ಜುವಾಗ ರಟ್ಟಿನ ಅಡ್ಡಕೊಯ್ತದ ಅಚ್ಚನ್ನು ಐದಾರು ಕಡೆ ಹಿಡಿದು ನೋಡುತ್ತಲೇ ಇರಬೇಕು. ಇಲ್ಲದಿದ್ದರೆ ಎಡಬಲ ಒಂದೇ ಸಮ ಬರುವುದಿಲ್ಲ, ಅದು ಗೊತ್ತಾಗುವುದು ಬಣ್ಣ ಬಳಿದ ಮೇಲೆ.

ಹಡಗು ನೆಲದ ಮೇಲಿರುವುದರಿಂದ ನೀರಿನೊಳಗಿನ ಭಾಗವನ್ನೂ ನೋಡಬಹುದು. ಮೂರು ಎಂಜಿನ್, ಮೂರು ದಂಡ, ಮೂರು ಪಂಖ. ಫೋಟೊದಿಂದ ಅಳೆಯುವುದಾದರೆ ಹತ್ತಿರ ನಿಂತು ತೆಗೆಯಬೇಡಿ, ತುದಿಗಳು ಎಳೆದಂತೆ ಬರುತ್ತವೆ. ಹಡಗಿನ ನಡುಭಾಗಕ್ಕೆ ನೇರ ಎದುರು, ಆದಷ್ಟು ದೂರ ನಿಂತು ಝೂಮ್ ಮಾಡಿ. ಒಂದು ಮೀಟರಿನ ಕೋಲನ್ನು ಒಡಲಿಗೆ ತಾಗಿಸಿ ಇಟ್ಟರೆ ಲೆಕ್ಕ ಸುಲಭ. ಗೂಡಿನ ಪಟ್ಟಿಗಳನ್ನು ಅಲ್ಲೇ ಎಣಿಸಿಕೊಳ್ಳಿ, ವ್ಯಾಸ ಲೆಕ್ಕ ಹಾಕಿದ ಮೇಲೆಯೇ ಪಿವಿಸಿ ಪೈಪ್ ಕೊಳ್ಳಿ. ಹಿಂದಿನ ಎರಡು ಗೂಡು ಮುಂದಿನವುಗಳ ತಲೆಯ ಮೇಲಿಂದ ಕ್ಷಿಪಣಿ ಹಾರಿಸಬೇಕು. ಓರೆ ಕಡಿಮೆಯಾದರೆ ನೋಡಿದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಇಂದಿನ ಬಣ್ಣವನ್ನು ಮಾತ್ರ ನಂಬಬೇಡಿ. ಸಂಗ್ರಹಾಲಯದ ಬಣ್ಣ ಬಿಸಿಲು, ಉಪ್ಪುಗಾಳಿ ತಡೆಯಲೆಂದು ಬಳಿದದ್ದು. ಸೇವೆಯಲ್ಲಿದ್ದಾಗಿನ ಫೋಟೊ ಹಾಗೂ ಹಡಗಿನ ಕೆ94 ಸಂಖ್ಯೆ ನೋಡಿಕೊಳ್ಳಿ. (ಕದಂಬ ನೌಕಾನೆಲೆಯ ಕಡೆ ಕ್ಯಾಮೆರಾ ತಿರುಗಿಸಬೇಡಿ.)

ಕಟಾಂಜನದ ಹಗ್ಗಕ್ಕೆ ಹೊಲಿಗೆ ದಾರ ಬೇಡ. 0.4 ಮಿಮೀ ದಾರ ನಿಜ ಹಡಗಿನಲ್ಲಿ 29 ಮಿಮೀ ದಪ್ಪ ಆದೀತು, ಮೇಲೆ ನಾರು ಬೇರೆ. ಗಾಳದ ನೈಲಾನ್ ದಾರ ಮಳೆಗಾಲದ ತೇವಕ್ಕೆ ಸಡಿಲವಾಗುತ್ತದೆ. ಮೋಟಾರು ವೈಂಡಿಂಗ್ ಅಂಗಡಿಯಲ್ಲಿ 40 ಗೇಜಿನ ತಾಮ್ರದ ತಂತಿ ಕೇಳಿ, ಅದು 0.12 ಮಿಮೀ. ಎರಡು ತುದಿ ಹಿಡಿದು ತುಸು ಎಳೆದರೆ ನೇರವಾಗುತ್ತದೆ.

ಪ್ರಶ್ನೆ: ಪ್ಲೈವುಡ್ ಬದಲು ಊರಿನ ಮರ ಆಗುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಶಿವಣೆ ಆಗುತ್ತದೆ. ಹಗುರ, ಉಳಿಗೆ ಬಗ್ಗುತ್ತದೆ, ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ. ಗುಡಿಗಾರರು ಕೆತ್ತನೆಗೆ ಬಳಸುವ ಮರವೇ ಅದು. ಹಸಿ ಹಲಗೆ ಮಾತ್ರ ಬೇಡ, ತುದಿಯಲ್ಲಿ ಸೀಳುತ್ತದೆ. ಎಳೆ ಉದ್ದಕ್ಕೆ ಬರಲಿ. ಬಣ್ಣಕ್ಕೆ ಮೊದಲು ಸ್ಯಾಂಡಿಂಗ್ ಸೀಲರ್ ಎರಡು ಕೈ ಕೊಟ್ಟು ಉಜ್ಜಿ.

ಪ್ರಶ್ನೆ: ಜುಲೈನಲ್ಲಿ ಎನ್‌ಸಿ ಲ್ಯಾಕರ್ ಸ್ಪ್ರೇ ಮಾಡಿದೆ, ಬೂದು ಬಣ್ಣದ ಮೇಲೆ ಬಿಳಿ ಮಬ್ಬು ಕಟ್ಟಿದೆ.
– ಓದುಗರು, ಕುಮಟಾ

ಉತ್ತರ: ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಹನಿಗಟ್ಟಿದೆ. ಕೆರೆದು ಹಾಕಬೇಕಿಲ್ಲ. ಮಳೆ ಬಿಟ್ಟ ಮಧ್ಯಾಹ್ನ, ನಿಧಾನ ಆರುವ ರಿಟಾರ್ಡರ್ ಥಿನ್ನರನ್ನು ತೆಳ್ಳಗೆ ಸಿಂಪಡಿಸಿ. ಹೆಚ್ಚಿನ ಸಲ ಮಬ್ಬು ಕರಗುತ್ತದೆ. ದಪ್ಪ ಸಿಂಪಡಿಸಿದರೆ ಬಣ್ಣವೂ ಇಳಿಯುತ್ತದೆ, ಹುಷಾರು.