ಒಂದೇ ಡಿಸ್ಕ್‌ನಲ್ಲಿ ಪಾರ್ಟಿಷನ್ನೋ, ಎರಡು ಡಿಸ್ಕ್‌ಗಳೋ?

ಪ್ರಶ್ನೆ: ಹೊಸ ಕಂಪ್ಯೂಟರಿಗೆ 2 ಟಿಬಿಯ ಒಂದೇ ಹಾರ್ಡ್ ಡಿಸ್ಕ್ ಹಾಕಿಸಿ ‘ಸಿ’, ‘ಡಿ’ ಎಂದು ಪಾರ್ಟಿಷನ್ (ಭಾಗ) ಮಾಡಿಕೊಳ್ಳಲೇ ಅಥವಾ 1 ಟಿಬಿಯ ಎರಡು ಡಿಸ್ಕ್‌ಗಳನ್ನು ಕೊಳ್ಳಲೇ?

ಉತ್ತರ: ಎರಡು ಡಿಸ್ಕ್‌ಗಳೇ ಮೇಲು. ಪಾರ್ಟಿಷನ್ ಎಂಬುದು ಒಂದೇ ಕೋಣೆಯ ನೆಲದ ಮೇಲೆ ಎಳೆದ ಗೆರೆಯಷ್ಟೇ. ವಿಂಡೋಸ್ ಕೆಟ್ಟಾಗ ‘ಸಿ’ಯನ್ನು ಮಾತ್ರ ಫಾರ್ಮ್ಯಾಟ್ ಮಾಡಿ (ಪೂರ್ತಿ ಅಳಿಸಿ) ‘ಡಿ’ಯಲ್ಲಿರುವ ಫೋಟೊಗಳನ್ನು ಉಳಿಸಿಕೊಳ್ಳಬಹುದೆಂಬುದು ನಿಜವಾದರೂ, ಡಿಸ್ಕಿನ ಮೋಟಾರು ಕೈಕೊಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ‘ಸಿ’ಯಿಂದ ‘ಡಿ’ಗೆ ದೊಡ್ಡ ವಿಡಿಯೊ ನಕಲಿಸುವಾಗ ಕೇಳಿಸುವ ಕಟಕಟ ಸದ್ದು, ಓದುವ ಜಾಗಕ್ಕೂ ಬರೆಯುವ ಜಾಗಕ್ಕೂ ಅದೇ ಹೆಡ್ (ಡಿಸ್ಕಿನ ಮೇಲೆ ಓದಿ ಬರೆಯುವ ಭಾಗ) ಓಡಾಡುತ್ತಿರುವುದರದು, ಪ್ರತಿ ನೆಗೆತಕ್ಕೂ ಸುಮಾರು 10 ಮಿಲಿಸೆಕೆಂಡು ವ್ಯರ್ಥ. ಸಾಧ್ಯವಿದ್ದರೆ ವಿಂಡೋಸ್‌ಗೆ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ಚಿಪ್‌ಗಳ ಡಿಸ್ಕ್), ಕಡತಗಳಿಗೆ ಹಾರ್ಡ್ ಡಿಸ್ಕ್ ಎಂದು ಹಂಚಿಕೊಳ್ಳಿ. ಒಂದಕ್ಕೇ ಜಾಗವಿರುವ ಲ್ಯಾಪ್‌ಟಾಪಿನಲ್ಲಿ ಪಾರ್ಟಿಷನ್ ಮಾಡಲೇಬೇಕೆಂದಿದ್ದರೆ, ‘ಸಿ’ಗೆ ಧಾರಾಳವಾಗಿ ಜಾಗ ಬಿಡಿ, ಆಮೇಲೆ ಅದನ್ನು ಹಿಗ್ಗಿಸುವುದು ತಲೆನೋವಿನ ಕೆಲಸ.