ಸೀಟಿ ಊದಿದವನ ಉತ್ತರ: ಪೆನಾಲ್ಟಿ ಮತ್ತು ಕೆಂಪು ಕಾರ್ಡು

ಹೋದ ಸಂಚಿಕೆಯಲ್ಲಿ ಫುಟ್‌ಬಾಲಿನ ಆಫ್‌ಸೈಡ್ ನಿಯಮದ ಬಗ್ಗೆ ಬರೆದೆ. ಬಂದ ಪತ್ರಗಳಲ್ಲಿ ಆಫ್‌ಸೈಡಿನ ಸುದ್ದಿಯೇ ಇಲ್ಲ! ಪೆನಾಲ್ಟಿ (ಗೋಲ್‌ಕೀಪರ್ ಒಬ್ಬನೇ ಎದುರಿದ್ದಾಗ ಗೋಲಿಗೆ ಒದೆಯುವ ಅವಕಾಶ) ಅನ್ಯಾಯ, ಕೆಂಪು ಕಾರ್ಡು (ಆಟಗಾರನನ್ನು ಪಂದ್ಯದಿಂದ ಹೊರಹಾಕುವುದು) ಅನ್ಯಾಯ, ಒಬ್ಬರಂತೂ ರೆಫರಿಯೇ ಅನ್ಯಾಯ ಎಂದಿದ್ದಾರೆ. ಸಣ್ಣಪುಟ್ಟ ಪಂದ್ಯಗಳಲ್ಲಿ 22 ವರ್ಷ ಸೀಟಿ ಊದಿದವನು ನಾನು. ಪೆನಾಲ್ಟಿ ಕೊಟ್ಟು ಬೈಸಿಕೊಂಡಿದ್ದೇನೆ, ಕೊಡದೆಯೂ ಬೈಸಿಕೊಂಡಿದ್ದೇನೆ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: 2010ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಉರುಗ್ವೆಯ ಲೂಯಿಸ್ ಸುವಾರೆಜ್ ಗೋಲಾಗಲಿದ್ದ ಚೆಂಡನ್ನು ಕೈಯಿಂದ ತಡೆದ. ಕೊನೆಗೆ ಗೆದ್ದದ್ದು ಅವನ ತಂಡವೇ. ಕಳ್ಳನಿಗೆ ದಂಡ ಹಾಕಿ, ಕದ್ದ ಮಾಲನ್ನು ಅವನ ಮನೆಯವರಿಗೇ ಬಿಟ್ಟುಕೊಟ್ಟ ಹಾಗಾಗಲಿಲ್ಲವೇ?

ಉತ್ತರ: ಹೋಲಿಕೆ ಚೆನ್ನಾಗಿದೆ, ಕದಿಯಬೇಕೆನಿಸುತ್ತಿದೆ. ಜುಲೈ 2, ಜೋಹಾನ್ಸ್‌ಬರ್ಗ್. ಘಾನಾ 1, ಉರುಗ್ವೆ 1. ಹೆಚ್ಚುವರಿ ಸಮಯದ ಕೊಟ್ಟಕೊನೆಯ ಗಳಿಗೆ. ಗೋಲಿನ ಗೆರೆಯ ಹತ್ತಿರ ನಿಂತಿದ್ದ ಸುವಾರೆಜ್ ಒಂದು ಹೊಡೆತವನ್ನು ಕಾಲಿನಿಂದ ತಡೆದ, ಅದು ಆಟ. ಚೆಂಡು ಮತ್ತೆ ಮೇಲೆದ್ದಿತು, ಘಾನಾದ ಡೊಮಿನಿಕ್ ಅಡಿಯಾ ತಲೆಯಿಂದ ಹೊಡೆದ, ಸುವಾರೆಜ್ ಕೈಯೆತ್ತಿ ತಳ್ಳಿದ. ರೆಫರಿ ಒಲೆಗಾರಿಯೊ ಬೆಂಕೆರೆನ್ಸಾ ಕೆಂಪು ಕಾರ್ಡು ತೋರಿಸಿ ಪೆನಾಲ್ಟಿ ಕೊಟ್ಟರು. ನಿಯಮದ ಪುಸ್ತಕದಲ್ಲಿ ಅದಕ್ಕಿಂತ ಹೆಚ್ಚಿನದೇನೂ ಅವರಿಗೆ ಸಿಗುತ್ತಿರಲಿಲ್ಲ. ಘಾನಾದ ಅಸಮೋವಾ ಗ್ಯಾನ್ ಒದ್ದ ಚೆಂಡು ಕ್ರಾಸ್‌ಬಾರಿಗೆ ಬಡಿದು ಮೇಲೆ ಹಾರಿತು. ಪಂದ್ಯ ಸಮವಾದ್ದರಿಂದ ನಡೆದ ಪೆನಾಲ್ಟಿ ಶೂಟೌಟ್‌ನಲ್ಲಿ ಉರುಗ್ವೆ 4–2ರಿಂದ ಗೆದ್ದಿತು. ಗ್ಯಾನ್ ಶೂಟೌಟ್‌ನ ತನ್ನ ಸರದಿಯಲ್ಲಿ ಗೋಲು ಹೊಡೆದ. ಗೋಲು ಹೊಡೆಯಲಾಗದವರಲ್ಲಿ ಅದೇ ಅಡಿಯಾ ಒಬ್ಬ. ಆ ಹುಡುಗನ ಮುಖ ನನಗೆ ಇನ್ನೂ ನೆನಪಿದೆ.

ಸುವಾರೆಜ್‌ನನ್ನು ಬೈಯಲು ನನಗೆ ಮನಸ್ಸಿಲ್ಲ. ನಿಯಮ ಒಂದು ಬೆಲೆ ಬರೆದಿಟ್ಟಿತ್ತು, ಅವನು ಕೊಟ್ಟು ಹೋದ. ಬೆಲೆಯೇ ಕಡಿಮೆಯಾಗಿತ್ತು ಎನ್ನುವುದು ನನ್ನ ತಕರಾರು. ಪೆನಾಲ್ಟಿ ಎಂದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಸಲ ಗೋಲು. ಹದಿನಾರಾಣೆ ಗೋಲನ್ನು ಕಿತ್ತುಕೊಂಡು ಘಾನಾದ ಕೈಗೆ ಹನ್ನೆರಡಾಣೆ ಕೊಟ್ಟರು. ಇನ್ನು ಕೆಂಪು ಕಾರ್ಡು? ಆಟ ಮುಗಿಯುವ ಹೊತ್ತಿಗೆ ಒಬ್ಬ ಕಡಿಮೆಯಾದರೆ ಆ ದಿನ ಯಾರಿಗೇನು ನಷ್ಟ? ಸೆಮಿಫೈನಲ್‌ನಲ್ಲಿ ಅವನಿರಲಿಲ್ಲ, ಉರುಗ್ವೆ 3–2ರಿಂದ ಸೋತಿತು ನಿಜ. ಆದರೆ ಅದರ ಲಾಭ ಹೋದದ್ದು ನೆದರ್ಲೆಂಡ್ಸ್‌ಗೆ. ಘಾನಾಗೆ ಬಂದದ್ದೇನು?

ರಗ್ಬಿಯಲ್ಲಿ ಪೆನಾಲ್ಟಿ ಟ್ರೈ ಎಂದಿದೆ (ಟ್ರೈ ಎಂದರೆ ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಒತ್ತಿ ಅಂಕ ಗಳಿಸುವುದು). ತಪ್ಪು ಮಾಡದಿದ್ದರೆ ಟ್ರೈ ಬಹುತೇಕ ಆಗಿಯೇ ಬಿಡುತ್ತಿತ್ತು ಎಂದು ರೆಫರಿಗೆ ಕಂಡರೆ ಅಂಕಗಳನ್ನೇ ಕೊಟ್ಟುಬಿಡುತ್ತಾರೆ. ಫುಟ್‌ಬಾಲಿಗೆ ಇದನ್ನು ತರಬಾರದು ಎಂದು ಬಹಳ ವರ್ಷ ವಾದಿಸಿದವನು ನಾನು. ಆಗದ ಗೋಲನ್ನು ಆಗಿದೆ ಎಂದು ಬರೆದುಕೊಳ್ಳಲು ರೆಫರಿ ಯಾರು? ಈಗಲೂ ಒಬ್ಬಂಟಿಯಾಗಿ ಓಡುತ್ತಿರುವ ಫಾರ್ವರ್ಡ್‌ನನ್ನು ಬೀಳಿಸಿದರೆ ಗೋಲು ಕೊಡಿ ಎಂದರೆ ಒಪ್ಪೆ. ಮುಂದೆ ಗೋಲ್‌ಕೀಪರ್ ಇದ್ದಾನೆ, ಕಾಲು ಜಾರಬಹುದು. ಆದರೆ ಗೋಲಿನ ಬಾಯಲ್ಲಿ ನಿಂತು, ಒಳಗೆ ಬೀಳುವ ಚೆಂಡನ್ನು ಕೈಯಿಂದ ತಳ್ಳಿದಾಗ ಊಹಿಸಲು ಉಳಿದದ್ದೇನು? ಆ ಒಂದು ಸಂದರ್ಭಕ್ಕೆ ಮಾತ್ರ ಗೋಲನ್ನೇ ಕೊಡಬೇಕು. ಆಗ ಕೆಂಪು ಕಾರ್ಡನ್ನು ಹಳದಿಗೆ, ಅಂದರೆ ಬರಿಯ ಎಚ್ಚರಿಕೆಗೆ, ಇಳಿಸಿದರೂ ನನ್ನ ಅಭ್ಯಂತರವಿಲ್ಲ.

ಪ್ರಶ್ನೆ: ಪೆನಾಲ್ಟಿ, ಕೆಂಪು ಕಾರ್ಡು, ಮುಂದಿನ ಪಂದ್ಯಕ್ಕೆ ನಿಷೇಧ. ಒಂದು ತಪ್ಪಿಗೆ ಮೂರು ಶಿಕ್ಷೆ ಯಾಕೆ?

ಉತ್ತರ: ಈಗ ಎಲ್ಲದಕ್ಕೂ ಹಾಗಿಲ್ಲ. ನಿಮ್ಮ ಸಿಟ್ಟು 2016ರ ಹಿಂದಿನದು. ಮೂಲ ಮಾತ್ರ ಇನ್ನೂ ಹಳೆಯದು. 1980ರಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್ ಫೈನಲ್‌ನಲ್ಲಿ ವೆಸ್ಟ್ ಹ್ಯಾಮ್‌ನ 17ರ ಹುಡುಗ ಪಾಲ್ ಆಲೆನ್ ಗೋಲಿನತ್ತ ನುಗ್ಗುತ್ತಿದ್ದಾಗ ಆರ್ಸೆನಲ್‌ನ ವಿಲ್ಲಿ ಯಂಗ್ ಹಿಂದಿನಿಂದ ಕಾಲು ಕೊಟ್ಟು ಕೆಡವಿದ. ಸಿಕ್ಕಿದ್ದು ಹಳದಿ ಕಾರ್ಡು, ಫ್ರೀ ಕಿಕ್, ಅಷ್ಟೇ. ಲೆಕ್ಕ ಹಾಕಿ ಮಾಡುವ ಇಂಥ ಫೌಲ್‌ಗಳ ಮೇಲೆ ಎದ್ದ ಕೂಗು, ಸ್ಪಷ್ಟ ಗೋಲಿನ ಅವಕಾಶ ಕೆಡಿಸಿದವನನ್ನು ಹೊರಹಾಕುವ ನಿಯಮದಲ್ಲಿ ಮುಗಿಯಿತು. ಆಮೇಲೆ ಅದು ಅತಿಯಾಯಿತು. ಚೆಂಡಿಗೆಂದೇ ಹಾರಿ, ಅರೆಗಳಿಗೆ ತಡವಾದ ಗೋಲ್‌ಕೀಪರ್‌ಗೂ ಅದೇ ಶಿಕ್ಷೆ.

2016ರಿಂದ ಬಾಕ್ಸ್ (ಗೋಲಿನ ಮುಂದೆ ಗೆರೆ ಹಾಕಿದ ಪೆನಾಲ್ಟಿ ಆವರಣ) ಒಳಗೆ ಚೆಂಡಿಗಾಗಿ ಪ್ರಯತ್ನಿಸಿ ಫೌಲ್ ಮಾಡಿದರೆ ಪೆನಾಲ್ಟಿ ಜೊತೆ ಹಳದಿ ಸಾಕು. ಅಂಗಿ ಹಿಡಿದೆಳೆದರೆ, ನೂಕಿದರೆ, ಚೆಂಡು ಸಿಗುವ ಸಾಧ್ಯತೆಯೇ ಇಲ್ಲದೆ ಕಾಲು ಹಾಕಿದರೆ ಕೆಂಪೇ. ಬೇಕೆಂದೇ ಕೈ ಹಾಕಿ ಗೋಲು ತಡೆದರೂ ಕೆಂಪೇ; ಉದ್ದೇಶವಿಲ್ಲದ ಹ್ಯಾಂಡ್‌ಬಾಲ್‌ಗೆ 2024ರಿಂದ ಹಳದಿ. ನನ್ನ ಮಟ್ಟಿಗೆ ಇದು ಒಳ್ಳೆಯ ತಿದ್ದುಪಡಿ. ಒಂದು ತಮಾಷೆ ಮಾತ್ರ ಉಳಿದಿದೆ: ಅದೇ ಗೋಲ್‌ಕೀಪರ್ ಅದೇ ತಪ್ಪನ್ನು ಬಾಕ್ಸ್‌ನ ಗೆರೆಯಿಂದ ಒಂದಡಿ ಆಚೆ ಮಾಡಿದರೆ ಕೆಂಪು, ಒಂದಡಿ ಈಚೆ ಮಾಡಿದರೆ ಹಳದಿ.

ಪ್ರಶ್ನೆ: ಬಾಕ್ಸ್‌ನ ಮೂಲೆಯಲ್ಲಿ, ಗೋಲಿಗೆ ಸಂಬಂಧವೇ ಇಲ್ಲದ ಕಡೆ ಕಾಲು ತಾಗಿದರೂ ಪೆನಾಲ್ಟಿ. ಇದು ಸರಿಯೇ?

ಉತ್ತರ: ಸರಿಯಲ್ಲ. ಈ ಪತ್ರ ಓದಿದಾಗ ಎದೆಗೆ ಚುಚ್ಚಿದಂತಾಯಿತು, ಕಾರಣ ಹೇಳುತ್ತೇನೆ.

ಒಂದು ಲೀಗ್ ಪಂದ್ಯ, 88ನೇ ನಿಮಿಷ, 0–0. ಫಾರ್ವರ್ಡ್ ಒಬ್ಬ ಬಾಕ್ಸ್‌ನ ಬಲಮೂಲೆಯಲ್ಲಿ ಗೋಲಿಗೆ ಬೆನ್ನು ಹಾಕಿಕೊಂಡು ಚೆಂಡನ್ನು ಹೊರಕ್ಕೆ ಎಳೆದುಕೊಂಡು ಹೊರಟಿದ್ದ. ಹಿಂದಿನಿಂದ ಬಂದ ಹುಡುಗನ ಬೂಟು ಅವನ ಹಿಮ್ಮಡಿಗೆ ತಾಗಿತು. ಬಿದ್ದ. ಸೀಟಿ ಊದಿದೆ. 1–0. ಪಂದ್ಯ ಮುಗಿದ ಮೇಲೆ ಆ ಹುಡುಗ ಬೂಟಿನ ದಾರ ಬಿಚ್ಚುತ್ತಾ ಕೇಳಿದ, ‘ಸರ್, ಫೌಲ್ ನಿಜ. ಆದ್ರೆ ಅವನು ಆಚೆ ಹೋಗ್ತಿದ್ದ ಅಲ್ವಾ?’ ‘ಗೆರೆ ಒಳಗಿದ್ದ ಕಣಪ್ಪಾ’ ಎಂದೆ. ನಿಯಮದ ಪ್ರಕಾರ ಅದು ಸರಿಯುತ್ತರ. ಅವನು ಕೇಳಿದ್ದು ಅದನ್ನಲ್ಲ.

ಬಾಕ್ಸ್ ಎಂದರೆ 16.5 ಮೀಟರ್ ಆಳ, 40.32 ಮೀಟರ್ ಅಗಲ. ಈ ಬಯಲಿನಲ್ಲಿ ನೇರ ಫ್ರೀ ಕಿಕ್ ಸಿಗುವಂಥ ಯಾವ ಫೌಲ್ ಎಲ್ಲೇ ಆದರೂ ಶಿಕ್ಷೆ 11 ಮೀಟರ್ ದೂರದ ಚುಕ್ಕಿಯಿಂದ. ತಪ್ಪಿನಿಂದ ಎಷ್ಟು ನಷ್ಟವಾಯಿತು ಎಂದು ಯಾರೂ ತೂಗುವುದಿಲ್ಲ, ಜಾಗ ನೋಡುತ್ತಾರೆ. ರೆಫರಿಗಳು ಹೊರಗೆ ಹೇಳದ ಗುಟ್ಟೊಂದಿದೆ: ಮೈದಾನದ ನಡುವೆ ಕಣ್ಣು ಮುಚ್ಚಿ ಊದುವ ಫೌಲನ್ನು ಬಾಕ್ಸ್ ಒಳಗೆ ನಾವು ಕಂಡರೂ ಕಾಣದವರಂತೆ ಇರುತ್ತೇವೆ. ಕಾರ್ನರ್ ಕಿಕ್ ಹೊತ್ತಿನ ತಬ್ಬಾಟ, ಅಂಗಿ ಎಳೆದಾಟ ನೋಡಿ. ಊದಿದರೆ ಪಂದ್ಯವನ್ನೇ ಎತ್ತಿ ಕೊಟ್ಟಂತಾಗುತ್ತದಲ್ಲ ಎಂಬ ಅಂಜಿಕೆ. ಶಿಕ್ಷೆ ಅತಿಯಾದರೆ ಹೀಗೇ, ಊದುವವನ ಉಸಿರೇ ಕಟ್ಟುತ್ತದೆ. ಈಗ ವಿಎಆರ್ (ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಬಂದು ಆ ಜಾಣಗುರುಡಿಗೂ ಎಡೆ ಕಡಿಮೆಯಾಗಿದೆ. ಅದು ಮೊದಲು ಬಂದ 2018ರ ವಿಶ್ವಕಪ್‌ನ 64 ಪಂದ್ಯಗಳಲ್ಲಿ 29 ಪೆನಾಲ್ಟಿ. ಅಲ್ಲಿಯವರೆಗೆ ಅಷ್ಟು ಯಾವ ವಿಶ್ವಕಪ್‌ನಲ್ಲೂ ಇರಲಿಲ್ಲ.

ಹಾಕಿಯವರು ಜಾಣರು. ಗೋಲನ್ನೇ ತಪ್ಪಿಸಿದ ಫೌಲ್‌ಗೆ ಕೀಪರ್ ಒಬ್ಬನೇ ಎದುರಿರುವ ಪೆನಾಲ್ಟಿ ಸ್ಟ್ರೋಕ್, ವೃತ್ತದೊಳಗಿನ ಸಾಧಾರಣ ತಪ್ಪಿಗೆ ತಡೆಯಲು ಇನ್ನೂ ಕೆಲವರಿರುವ ಪೆನಾಲ್ಟಿ ಕಾರ್ನರ್. ನಡುವೆ ಒಂದು ಮೆಟ್ಟಿಲಿದೆ. ನಮ್ಮ ಪುಸ್ತಕದಲ್ಲೂ ಅಂಥ ಮೆಟ್ಟಿಲು ಇಲ್ಲದಿಲ್ಲ: ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಪಾಸನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿದರೆ, ಮೈ ತಾಗಿಸದೆ ದಾರಿ ಅಡ್ಡಗಟ್ಟಿದರೆ ಬಾಕ್ಸ್ ಒಳಗೇ ಪರೋಕ್ಷ ಫ್ರೀ ಕಿಕ್, ಅಂದರೆ ಇನ್ನೊಬ್ಬ ಆಟಗಾರನಿಗೆ ತಾಗದೆ ಗೋಲಾಗದ ಒದೆತ. ಗೋಲಿನಿಂದ ದೂರ ಸರಿಯುತ್ತಿರುವವನ ಮೇಲಾದ ಅಜಾಗರೂಕತೆಯ ಫೌಲನ್ನೂ ಆ ಸಾಲಿಗೆ ಸೇರಿಸಿ ಎನ್ನುತ್ತೇನೆ. ದೂರ ಸರಿಯುತ್ತಿದ್ದಾನೋ ಇಲ್ಲವೋ ಎಂದು ಜಗಳ ಬರುತ್ತದೆ, ಗೊತ್ತು. ಹ್ಯಾಂಡ್‌ಬಾಲ್‌ನಲ್ಲಿ ಈಗೇನು ಜಗಳ ಕಡಿಮೆಯೇ?

ಪ್ರಶ್ನೆ: ಐದನೇ ನಿಮಿಷಕ್ಕೂ ಕೆಂಪು, ಎಂಬತ್ತೈದನೇ ನಿಮಿಷಕ್ಕೂ ಕೆಂಪು. ಮೊದಲನೆಯದರಲ್ಲಿ ಪಂದ್ಯವೇ ಹಾಳು. ಟಿಕೆಟ್ ಕೊಂಡವರ ಗತಿ? (ಇವರು ಹೆಸರು ಹಾಕಬೇಡಿ ಎಂದಿದ್ದಾರೆ.)

ಉತ್ತರ: ಯುರೋಪಿನ ಕ್ಲಬ್‌ಗಳ 2006ರ ಚಾಂಪಿಯನ್ಸ್ ಲೀಗ್ ಫೈನಲ್ ನಿಮ್ಮ ಮನಸ್ಸಿನಲ್ಲಿರಬೇಕು. ಪ್ಯಾರಿಸ್‌ನಲ್ಲಿ 18ನೇ ನಿಮಿಷಕ್ಕೆ ಆರ್ಸೆನಲ್‌ನ ಗೋಲ್‌ಕೀಪರ್ ಯೆನ್ಸ್ ಲೇಮನ್ ಬಾಕ್ಸ್‌ನ ಹೊರಗೆ ಬಾರ್ಸಿಲೋನಾದ ಎಟೊನನ್ನು ಕೆಡವಿದ. ಚೆಂಡು ಉರುಳಿ ಎಟೊನ ಜೊತೆಗಾರ ಜ್ಯೂಲಿಗೆ ಸಿಕ್ಕಿ ಗೋಲಿನೊಳಗೂ ಹೋಯಿತು. ಆದರೆ ರೆಫರಿ ತೆರಿಯೆ ಹೌಗೆ ಅಷ್ಟರಲ್ಲಿ ಊದಿಬಿಟ್ಟಿದ್ದರು; ಲೇಮನ್‌ಗೆ ಕೆಂಪು ಕಾರ್ಡು. ಇನ್ನೊಂದು ಉಸಿರು ತಡೆದು ಊದಿದ್ದರೆ ಬಾರ್ಸಿಲೋನಾಗೆ ಗೋಲು, ಆರ್ಸೆನಲ್‌ಗೆ ಹನ್ನೊಂದು ಮಂದಿ. ಹತ್ತು ಮಂದಿಯ ಆರ್ಸೆನಲ್ ಮೊದಲು ಗೋಲು ಹೊಡೆದೂ 2–1ರಿಂದ ಸೋತಿತು.

ಆದರೂ ಕೆಂಪು ಕಾರ್ಡಿನ ವಿಷಯದಲ್ಲಿ ನಾನು ಹಳೆಯ ಕಾಲದವನು. ಎದುರಾಳಿಯ ಮೊಣಕಾಲಿಗೆ ಬೂಟಿಟ್ಟವನು ಐದನೇ ನಿಮಿಷದಲ್ಲಿದ್ದಾನೆಂದು ರಿಯಾಯಿತಿ ಕೊಡಲಾಗದು. ಹತ್ತು ನಿಮಿಷ ಹೊರಗೆ ಕೂರಿಸುವ ಪದ್ಧತಿಯನ್ನು ತಳಮಟ್ಟದ ಪಂದ್ಯಗಳಲ್ಲಿ ಬಳಸಲು ಅವಕಾಶವಿದೆ. ರೆಫರಿಯ ಮೇಲೆ ಬಾಯಿ ಮಾಡುವವರಿಗೆ ಅದು ಒಳ್ಳೆಯ ಮದ್ದು. ಹೊಡೆದಾಟಕ್ಕೆ ಅಲ್ಲ. ಟಿಕೆಟ್ ಹಣ ವಾಪಸ್ ಕೊಡಿಸುವ ಅಧಿಕಾರ ನನಗಿಲ್ಲ.

ಪ್ರಶ್ನೆ: ನನ್ನ ಮಗ ಶಾಲಾ ತಂಡದ ಗೋಲ್‌ಕೀಪರ್. ಪೆನಾಲ್ಟಿ ತಡೆದರೂ ಗೆರೆ ಬಿಟ್ಟೆ ಎಂದು ಮತ್ತೆ ಒದೆಸುತ್ತಾರಂತೆ. ಅಳುತ್ತಾ ಬಂದ. ಕೀಪರ್‌ಗಳ ಮೇಲೆ ಯಾಕಿಷ್ಟು ದ್ವೇಷ?

ಉತ್ತರ: ದ್ವೇಷವಿಲ್ಲ ತಾಯಿ. ಮೊದಲು ಅವನಿಗೆ ಉಪಯೋಗವಾಗುವ ಮಾತು ಹೇಳುತ್ತೇನೆ. ಎರಡೂ ಕಾಲು ಗೆರೆಯ ಮೇಲಿರಬೇಕೆಂದೇನಿಲ್ಲ. ಚೆಂಡು ಒದೆಯುವ ಕ್ಷಣಕ್ಕೆ ಒಂದು ಪಾದದ ಒಂದಿಷ್ಟು ಭಾಗ ಗೆರೆಯ ಮೇಲೋ ನೇರಕ್ಕೋ ಇದ್ದರೆ ಆಯಿತು. ಗೆರೆಗುಂಟ ಅತ್ತಿತ್ತ ಸರಿಯಬಹುದು. ಮುಂದೆ ಹೆಜ್ಜೆಯಿಡುವ ಅಭ್ಯಾಸವಿದ್ದರೆ ಹಿಂದಿನ ಪಾದವನ್ನು ಗೆರೆಗೆ ಕಚ್ಚಿಸಿಟ್ಟುಕೊಳ್ಳಲಿ, ಕಾಲಿನ ಒದೆತ ಅಲ್ಲಿಂದಲೇ ಬರಲಿ. ಕಂಬ, ಬಲೆ ಮುಟ್ಟಬಾರದು, ಒದೆಯುವವನ ಗಮನ ಕೆಡಿಸಬಾರದು.

1891ರಲ್ಲಿ ಪೆನಾಲ್ಟಿ ನಿಯಮ ಬಂದಾಗ ಕೀಪರ್ ಆರು ಗಜ ಮುಂದೆ ಬರಬಹುದಿತ್ತು ಎಂದು ಹೇಳಿದರೆ ಅವನು ಹೊಟ್ಟೆ ಉರಿದುಕೊಂಡಾನು. ಆ ನಿಯಮವನ್ನು ಸೂಚಿಸಿದ ಐರ್ಲೆಂಡಿನ ವಿಲಿಯಂ ಮೆಕ್ರಮ್ ಸ್ವತಃ ಗೋಲ್‌ಕೀಪರ್. ಇದನ್ನು ಮಾತ್ರ ಮುಂದಿನ ಪಂದ್ಯ ಮುಗಿಯುವವರೆಗೆ ಹೇಳಬೇಡಿ.