ನನ್ನ ಹತ್ರ ಭತ್ತದ ಡೇಟಾ ಇದೆ. ಕೋಡಿಂಗ್ ಬರದೆ ಬ್ರೌಸರಲ್ಲೇ ಕ್ಯೂಟಿಎಲ್ ಮ್ಯಾಪಿಂಗ್ ಕಲಿಬಹುದಾ? ರಿಸಲ್ಟ್ ನಂಬಬಹುದಾ?

ಕಲಿಬಹುದು. ಕ್ಯೂಟಿಎಲ್ ಅಂದ್ರೆ ತೂಕ, ರೋಗದ ಸ್ಕೋರ್ ಥರ ಅಳೆಯೋ ಗುಣದ ಮೇಲೆ ಪ್ರಭಾವ ಬೀರೋ ಕ್ರೋಮೋಸೋಮಿನ ಜಾಗ, ಅದನ್ನ ಹುಡುಕೋದೇ ಮ್ಯಾಪಿಂಗ್. ಆದ್ರೆ ನೀವು ಭತ್ತದ ಡೇಟಾ ಇದೆ ಅಂತ ಬರೆದಿದೀರಲ್ಲ, ಅದಕ್ಕೆ ಕೈ ಹಾಕೋ ಮುಂಚೆ ಒಂದು ವಾರ ಇಲಿ ಡೇಟಾ ಜೊತೆ ಕೂತ್ಕೊಳ್ಳಿ. ನಾನು ಶಿವಮೊಗ್ಗದಲ್ಲಿ ಎಂಎಸ್ಸಿ ಮಾಡುವಾಗ ಭತ್ತದ ಬೆಂಕಿ ರೋಗದ ಮೇಲೆ ಕೆಲಸ ಮಾಡಿದ್ದು, ನಂಗೂ ಕೋಡಿಂಗ್ ಗೊತ್ತಿರಲಿಲ್ಲ.

ಜೀನ್‌ನೆಟ್‌ವರ್ಕ್ ಅಂತ ಒಂದು ವೆಬ್‌ಸೈಟ್ ಇದೆ, 2001ರಲ್ಲಿ ಅಮೆರಿಕದ ಟೆನೆಸ್ಸಿ ಯೂನಿವರ್ಸಿಟಿಯೋರು ವೆಬ್‌ಕ್ಯೂಟಿಎಲ್ ಅನ್ನೋ ಹೆಸರಲ್ಲಿ ಶುರು ಮಾಡಿದ್ದು, ಫ್ರೀ. ಅದರಲ್ಲಿ ಬಿಎಕ್ಸ್‌ಡಿ ಇಲಿಗಳ ಡೇಟಾ ರೆಡಿ ಇದೆ, ಎರಡು ತಳಿ ಕ್ರಾಸ್ ಮಾಡಿ ಆಮೇಲೆ ಒಡಹುಟ್ಟಿದವುಗಳ ನಡುವೆನೇ ಸುಮಾರು 20 ತಲೆಮಾರು ಮುಂದುವರಿಸಿ ಸ್ಥಿರ ಮಾಡಿರೋ ಲೈನ್‌ಗಳು, ಒಂದು ಲೈನಿನ ಇಲಿಗಳೆಲ್ಲ ಜೀನ್ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಒಂದು ಲ್ಯಾಬಲ್ಲಿ ಅಳೆದ ತೂಕ, ಇನ್ನೊಂದು ಲ್ಯಾಬಲ್ಲಿ ಹತ್ತು ವರ್ಷ ಬಿಟ್ಟು ಅಳೆದ ಮೆದುಳಿನ ಜೀನ್ ಎಕ್ಸ್‌ಪ್ರೆಶನ್ (ಜೀನ್ ಎಷ್ಟು ಚುರುಕಾಗಿದೆ ಅನ್ನೋ ಅಳತೆ) ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬಹುದು. ಇದು ನಂಗೆ ಈಗಲೂ ದೊಡ್ಡ ವಿಷಯ ಅನ್ಸುತ್ತೆ.

ಸ್ಕ್ಯಾನ್ ಮಾಡಿದ್ರೆ ಕ್ರೋಮೋಸೋಮಿನ ಪ್ರತಿ ಜಾಗಕ್ಕೂ ಆ ಗುಣಕ್ಕೂ ಎಷ್ಟು ನಂಟು ಅಂತ ತೋರಿಸೋ ಗ್ರಾಫ್ ಬರುತ್ತೆ, ಆ ನಂಟಿನ ಅಂಕ ಎಲ್‌ಆರ್‌ಎಸ್ ಅಥವಾ ಎಲ್‌ಒಡಿ. ಗ್ರಾಫಲ್ಲಿ ಎಲ್‌ಆರ್‌ಎಸ್ ಅಂತ ಇದ್ರೆ 4.61ರಿಂದ ಭಾಗಿಸಿ, ಎಲ್‌ಒಡಿ ಸಿಗುತ್ತೆ. ಎಲ್‌ಒಡಿ 3 ಅಂದ್ರೆ ಅಲ್ಲಿ ಕ್ಯೂಟಿಎಲ್ ಇದ್ರೆ ಈ ಡೇಟಾ ಬರೋ ಸಾಧ್ಯತೆ ಇಲ್ಲದೇ ಇದ್ದಾಗಿನದಕ್ಕಿಂತ 1000 ಪಟ್ಟು ಜಾಸ್ತಿ ಅಂತ. ಆದ್ರೆ 3 ದಾಟ್ತು ಅಂತ ನಂಬಿಬಿಡಬೇಡಿ. ನನ್ನ ಭತ್ತದ 90 ಲೈನಲ್ಲಿ ಒಂದು ಪೀಕ್ 3 ದಾಟಿತ್ತು, ಜೀನೇ ಸಿಕ್ತು ಅಂತ ಮನೆಗೆ ಫೋನ್ ಮಾಡಿ ಹೇಳಿದ್ದೆ. ಗೈಡ್ ಪರ್ಮುಟೇಶನ್ ಮಾಡಿದ್ಯಾ ಅಂದ್ರು. ಅಂದ್ರೆ ರೋಗದ ಸ್ಕೋರನ್ನ ಲೈನ್‌ಗಳ ನಡುವೆ ಸುಮ್ನೆ ಕಲಸಿ ಮತ್ತೆ ಸ್ಕ್ಯಾನ್ ಮಾಡೋದು, ಹೀಗೆ 1000 ಸಲ, ಪ್ರತಿ ಸಲದ ಅತಿ ಎತ್ತರದ ಪೀಕ್ ಬರೆದಿಟ್ಟು ಅದರಲ್ಲಿ ಮೇಲಿನ ಶೇಕಡ 5 ಎಲ್ಲಿ ಶುರುವಾಗುತ್ತೋ ಅದೇ ಗಡಿ. ನನ್ನ ಪೀಕ್ ಗಡಿ ಕೆಳಗೆ ಉಳೀತು.

ಆಮೇಲೆ ಗೊತ್ತಾಯ್ತು, ಅರ್ಧ ಲೈನ್ ಎತ್ತರದ ಮಕ್ಕಿ ಗದ್ದೇಲಿ ಅರ್ಧ ತಗ್ಗಿನ ಬೈಲಲ್ಲಿ ನೆಟ್ಟಿದ್ವಿ, ನೀರು ಬೇರೆ ಮಣ್ಣು ಬೇರೆ, 0ಯಿಂದ 9ರ ಸ್ಕೇಲಲ್ಲಿ ಕೊಟ್ಟ ಸ್ಕೋರೂ ಬೇರೆ. ಇದನ್ನ ಯಾವ ಸಾಫ್ಟ್‌ವೇರೂ ಪೂರ್ತಿ ಸರಿ ಮಾಡಲ್ಲ, ದಯವಿಟ್ಟು ಎಲ್ಲಾ ಲೈನನ್ನೂ ಎರಡೂ ಕಡೆ ನೆಡಿ.

ಇನ್ನು ಪೀಕ್ ಗಡಿ ದಾಟಿದ್ರೂ ಅದು ಜೀನ್ ಅಲ್ಲ, ಕ್ರೋಮೋಸೋಮಿನ ಒಂದು ತುಂಡು, ಅದರೊಳಗೆ ನೂರಾರು ಜೀನ್ ಇರಬಹುದು.

ನಿಮ್ಮ ಸ್ವಂತ ಡೇಟಾಗೆ ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓಡೋ ಆರ್/ಕ್ಯೂಟಿಎಲ್ ಸಾಕು, ಅದೂ ಫ್ರೀ, ಹತ್ತಿಪ್ಪತ್ತು ಸಾಲು ಕಮಾಂಡ್ ಅಷ್ಟೇ. ನಿಮ್ಮದು ಎಫ್2ನಾ (ಕ್ರಾಸಿನ ಎರಡನೇ ತಲೆಮಾರು) ಆರ್‌ಐಎಲ್ಲಾ (ಬಿಎಕ್ಸ್‌ಡಿ ಥರ ಸ್ಥಿರ ಮಾಡಿರೋ ಲೈನ್), ಎಷ್ಟು ಲೈನು ಅಂತ ಹೇಳಿ, ಫೈಲ್ ಹೇಗೆ ಜೋಡಿಸೋದು ಬರೀತೀನಿ.